ಕ್ಯಾಪ್ಟನ್ ಕೈಗೆ ಹಸಿರು ಬಳೆ

ಸಮವಸ್ತ್ರ ಹಾಕಿಕೊಂಡ ಮಿಲಿಟರಿ ಕ್ಯಾಪ್ಟನ್ ಒಬ್ಬಳು ಎರಡೂ ಕೈಗೆ ಒಂದೊಂದು ಡಜನ್ ಹಸಿರು ಗಾಜಿನ ಬಳೆ ತೊಟ್ಟುಕೊಂಡು ಡ್ಯೂಟಿಗೆ ಹೋಗುವುದನ್ನು ನೀವು ಎಲ್ಲಾದರೂ ಕಂಡಿದ್ದೀರಾ? ನಮ್ಮ ಧಾರಾವಾಹಿಯಲ್ಲಿ ಹೋಗಿದ್ದಳು. ಅದಕ್ಕೆ ಸಂಭಾಷಣೆ ಬರೆಯುತ್ತಿದ್ದವಳು ನಾನು. ಹಾಗಾಗಿ ಈಗ ಹೇಳಹೊರಟಿರುವ ಸಿಟ್ಟಿನಲ್ಲಿ ಅರ್ಧ ನನ್ನ ಮೇಲಿನದೇ.

ಎರಡು ಸಾವಿರದ ಐದೋ ಆರೋ ಇರಬೇಕು. ಬಸವೇಶ್ವರನಗರದಲ್ಲಿ ಒಂದು ಮನೆಯ ಮಹಡಿಯ ಮೇಲೆ ಬಾಡಿಗೆಗಿದ್ದೆ. ಕೆಳಗೆ ಓನರ್ ಆಂಟಿ ಒಬ್ಬರೇ. ಗಂಡ ತೀರಿಕೊಂಡಿದ್ದರು, ಒಬ್ಬಳೇ ಮಗಳು ಸೈನ್ಯದಲ್ಲಿ ಕ್ಯಾಪ್ಟನ್. ಆಂಟಿಗೆ ಮಗಳ ಬಗ್ಗೆ ಎಷ್ಟು ಹೆಮ್ಮೆಯೋ ಸಂಜೆ ಏಳೂವರೆಗೆ ಬರುತ್ತಿದ್ದ ನಮ್ಮ ಧಾರಾವಾಹಿಯ ಮೇಲೂ ಅಷ್ಟೇ ಪ್ರೀತಿ. ಕಥೆಯಲ್ಲಿ ನಾಯಕನ ತಂಗಿಯನ್ನು ಕ್ಯಾಪ್ಟನ್ ಮಾಡೋಣ ಎಂದು ಸೂಚಿಸಿದವಳೂ ನಾನೇ, ಆಂಟಿಯ ಮಗಳನ್ನು ನೋಡಿ ಹೊಳೆದದ್ದು. ಟಿಆರ್‌ಪಿ ಬಿದ್ದ ವಾರ ಡೈರೆಕ್ಟರ್ ಬಂದು, ಆ ತಂಗಿಗೊಂದು ರೇಪ್ ಟ್ರ್ಯಾಕ್ ಹಾಕೋಣ ಎಂದರು. ಬೈಟೂ ಕಾಫಿ ಹೇಳುವಷ್ಟು ಸಲೀಸಾಗಿ ಹೇಳಿದರು. ನಾನೂ ತಲೆಯಾಡಿಸಿ, ಅವಳ ಮೇಲಧಿಕಾರಿಯೇ ಆ ಕೆಲಸ ಮಾಡುವ ಹಾಗೆ ಬರೆದುಕೊಟ್ಟೆ.

ಕೆಂಗೇರಿಯ ಆಚೆ ಒಂದು ಖಾಲಿ ಜಾಗದಲ್ಲಿ ಶಾಮಿಯಾನ ಕಟ್ಟಿ, ಮೇಲೆ ಹಸಿರು ಬಟ್ಟೆ ಹೊದಿಸಿದರೆ ಅದೇ ನಮ್ಮ ಗಡಿಯ ಕ್ಯಾಂಪು. ಆಗ ಆಂಟಿಯ ಮಗಳು ರಜಕ್ಕೆ ಬಂದಿದ್ದಳು. ಡ್ರೆಸ್ಸು ಸರಿಯಿದೆಯಾ ನೋಡಿ ಹೇಳು ಬಾ ಎಂದು ಸೆಟ್ಟಿಗೆ ಕರೆದುಕೊಂಡು ಹೋದೆ. ನಟಿಯ ಹೆಗಲ ಮೇಲಿನ ನಕ್ಷತ್ರಗಳನ್ನು ತಾನೇ ನೇರ ಮಾಡಿದಳು, ಕೂದಲನ್ನು ಒಳಗೆ ಸೇರಿಸಿ ಪಿನ್ ಹಾಕಿದಳು, ಬಳೆ ನೋಡಿ ಇದನ್ನು ಯಾರೂ ಹಾಕುವುದಿಲ್ಲ ಎಂದಳು.

ಡೈರೆಕ್ಟರ್ ನಕ್ಕರು. "ಬಳೆ ತೆಗೆದ್ರೆ ಆಮೇಲೆ ಏನನ್ನ ಒಡೆಯೋದು ಮೇಡಂ? ಆ ವಿಷಯ ನಡೀತು ಅಂತ ಜನಕ್ಕೆ ಗೊತ್ತಾಗೋದು ಹೇಗೆ?"

ನೆಲದ ಮೇಲೆ ಬಳೆಚೂರು ತೋರಿಸಿದರೆ ಅತ್ಯಾಚಾರವಾಯಿತು ಎಂದು ಅರ್ಥ, ಅದು ನಮ್ಮವರ ಲೆಕ್ಕ. ನಾನೂ ಹಲ್ಲು ಕಿರಿದು ನಕ್ಕೆ. ಅದನ್ನು ನೆನೆಸಿಕೊಂಡರೆ ಈಗಲೂ ಕೆನ್ನೆಗೆ ಬಾರಿಸಿಕೊಳ್ಳುವ ಹಾಗಾಗುತ್ತದೆ. ಅವಳು ನಗಲಿಲ್ಲ.

ವಾಪಸು ಬರುವಾಗ ಮೈಸೂರು ರಸ್ತೆಯಲ್ಲಿ ಬಸ್ಸು ಸಿಗ್ನಲ್ಲಿಗೆ ನಿಂತಿತ್ತು. ಅವಳು ಕಿಟಕಿಯ ಆಚೆ ನೋಡುತ್ತಲೇ ಹೇಳಿದಳು. "ಅಕ್ಕ, ಏನೂ ಒಡೀಲಿಲ್ಲ. ಬೆಳಗ್ಗೆ ಹನ್ನೊಂದು ಗಂಟೆ, ಅವನ ಆಫೀಸು. ಪಕ್ಕದ ರೂಮಲ್ಲಿ ಯಾರೋ ಟೈಪ್ ಮಾಡ್ತಾ ಇದ್ದಿದ್ದು ಕೇಳಿಸ್ತಿತ್ತು."

ಅವನು ಎಂದರೆ ಅವಳ ಮೇಲಧಿಕಾರಿ. ಲಿಖಿತ ದೂರು ಕೊಟ್ಟಿದ್ದಳು. ರಜ ಮುಗಿದ ಕೂಡಲೇ ವಿಚಾರಣೆ, ಅಲ್ಲಿ ಇವಳು ಹೇಳಿಕೆ ಕೊಡಬೇಕು. ತಾಯಿಗೆ ಏನೋ ಗಲಾಟೆಯಾಗಿದೆ, ದೂರು ಕೊಟ್ಟಿದ್ದೇನೆ ಎಂದಷ್ಟೇ ತಿಳಿಸಿದ್ದಳಂತೆ. ಆಂಟಿ ಏನಾಯಿತು ಎಂದು ಕೇಳದೆಯೇ, ವಾಪಸ್ ತಗೋ ಎಂದು ದಿನಾ ಹೇಳುತ್ತಿದ್ದರಂತೆ. ಅಲ್ಲಿ ಅಷ್ಟು ಜನರ ಎದುರು ಒಬ್ಬಳೇ ನಿಲ್ಲಬಲ್ಲೆ, ಅಮ್ಮ ಬೇಡ ಅಂದರೆ ಮಾತ್ರ ನನ್ನ ಕೈಲಾಗಲ್ಲ ಎಂದಳು.

ಮರುದಿನವೇ ಡೈರೆಕ್ಟರ್ ಹತ್ತಿರ ಹೋಗಿ, ಮುಂದಿನ ಸೀನ್ ಬದಲಾಯಿಸುತ್ತೇನೆ ಎಂದೆ. ಕ್ಯಾಪ್ಟನ್ ತನ್ನ ದೂರನ್ನು ತಾನೇ ಹರಿದು ಹಾಕುವ ಸೀನದು. "ಸಮವಸ್ತ್ರದ ಮಾನಕ್ಕಿಂತ ನನ್ನ ಮಾನ ದೊಡ್ಡದಲ್ಲ ಸಾರ್" ಎಂದು ಬರೆದು ಶಹಬ್ಬಾಸ್ ಅನ್ನಿಸಿಕೊಂಡಿದ್ದೆ. ಬದಲಾಯಿಸುವುದಿರಲಿ, ಅವರು ಇನ್ನೊಂದನ್ನು ಸೇರಿಸಿದರು. ಅತ್ಯಾಚಾರ ಮಾಡಿದವನು ನಮ್ಮ ಅಧಿಕಾರಿಯೇ ಅಲ್ಲ, ವೇಷ ಹಾಕಿಕೊಂಡು ಬಂದ ಶತ್ರುದೇಶದ ಗೂಢಚಾರ! ಮಿಲಿಟರಿಯವರನ್ನು ಕೆಟ್ಟವರು ಅಂತ ತೋರಿಸಿದರೆ ಜನ ಒಪ್ಪುತ್ತಾರೇನಮ್ಮ ಎಂದು ನನಗೇ ಬುದ್ಧಿ ಹೇಳಿದರು. ಮೈಯೆಲ್ಲ ಉರಿದುಹೋಯಿತು. ಹೊಟ್ಟೆಗೆ ಅನ್ನ ತಿನ್ನುವವರು ಯೋಚಿಸುವ ರೀತಿಯೇ ಇದು? ಉರಿದುಕೊಂಡೇ ಅದನ್ನೂ ಬರೆದುಕೊಟ್ಟೆ.

ದೂರು ಹರಿಯುವ ಸೀನು ಬಂದ ಸಂಜೆ ಆಂಟಿ ನನ್ನನ್ನು ಕೆಳಗೆ ಕರೆದರು. ಮೂವರೂ ಟಿವಿ ಮುಂದೆ ಕೂತಿದ್ದೆವು. ಆಂಟಿ ಸೆರಗಿನಿಂದ ಕಣ್ಣೊರೆಸಿಕೊಂಡು, ಎಂಥಾ ಮಾತು ಬರೆದಿದ್ದೀಯಮ್ಮ ಎಂದು ನನ್ನ ಕೈ ಹಿಡಿದುಕೊಂಡರು. ಆಮೇಲೆ ಮಗಳ ಕಡೆ ತಿರುಗಿದರು. "ನೋಡಿದ್ಯಾ? ಅವಳಿಗಿರೋ ಬುದ್ಧಿ ನಿನಗ್ಯಾಕಿಲ್ಲ? ನೀನೂ ವಾಪಸ್ ತಗೊಂಡ್ಬಿಡು." ಮಗಳು ಎದ್ದು ಒಳಗೆ ಹೋದಳು. ಭೂಮಿ ಬಾಯಿಬಿಡಬಾರದೆ ಅನ್ನಿಸಿತು ನನಗೆ.

ಬೆಳಗ್ಗೆ ಅವಳೇ ಮಹಡಿ ಹತ್ತಿ ಬಂದಳು, ಕೈಯಲ್ಲಿ ಇಂಗ್ಲಿಷಿನ ದೂರಿನ ಪ್ರತಿ. ಕನ್ನಡದಲ್ಲಿ ಬರೆದುಕೊಡಿ, ಅಮ್ಮ ಓದಲಿ ಎಂದಳು. ನಾನು ಬರೆದ ಮೊದಲ ವಾಕ್ಯ, ನನ್ನ ಮಾನಭಂಗವಾಯಿತು. ಬಗ್ಗಿ ನೋಡಿದಳು. "ಇದನ್ನ ಹೊಡೆದಾಕಿ ಅಕ್ಕ. ನನ್ನದೇನೂ ಭಂಗ ಆಗಿಲ್ಲ. ಅವನು ಏನು ಮಾಡ್ದ, ಅದನ್ನ ಬರೀರಿ." ಅಷ್ಟು ಹೇಳಿ, ವಾಪಸು ಹೋಗುವ ರೈಲಿಗೆ ಟಿಕೆಟ್ ಮಾಡಿಸಲು ರಾಜಾಜಿನಗರಕ್ಕೆ ಹೊರಟುಹೋದಳು.

ಎಷ್ಟು ಎಪಿಸೋಡು ಬರೆದಿದ್ದೆ ನಾನು! ಶೀಲ ಕಳೆದುಕೊಂಡಳು, ಕೆಟ್ಟುಹೋದಳು, ಬಲಿಯಾದಳು ಎಂದು ಪುಟಗಟ್ಟಲೆ ಬರೆದಿದ್ದೆ. ಎಲ್ಲ ಕಡೆಯೂ ಕ್ರಿಯೆ ಅವಳದ್ದೇ. ಮಾಡಿದವನು ವಾಕ್ಯದೊಳಗೆ ಕಾಲಿಡುತ್ತಲೇ ಇರಲಿಲ್ಲ. ಅವತ್ತು ಆ ಪದಗಳನ್ನೆಲ್ಲ ಆಚೆಗಿಟ್ಟು ಒಂದೂವರೆ ಪುಟ ಬರೆಯುವಷ್ಟರಲ್ಲಿ ಮಧ್ಯಾಹ್ನವಾಯಿತು. ಕೌಂಟರಿನಲ್ಲಿ ಕ್ಯೂ ಉದ್ದವಿದೆ, ಇನ್ನೂ ತಡವಾಗುತ್ತದೆ ಎಂದು ಅವಳು ಅಲ್ಲಿಂದಲೇ ಫೋನ್ ಮಾಡಿದ್ದಳು.

ಆಂಟಿ ಅಡುಗೆಮನೆಯಲ್ಲಿ ಸೊಪ್ಪು ಬಿಡಿಸುತ್ತಿದ್ದರು. ಕೈ ಒರೆಸಿಕೊಂಡು ಕನ್ನಡಕ ಹಾಕಿಕೊಂಡರು. ಒಂದು ಸಲ ಓದಿದರು. ಮತ್ತೆ ಮೊದಲಿಂದ ಓದಿದರು. ಅಳುತ್ತಾರೆ ಎಂದುಕೊಂಡಿದ್ದೆ, ಅಳಲಿಲ್ಲ. ಒಂದು ಸಾಲಿನ ಮೇಲೆ ಬೆರಳಿಟ್ಟು ನನ್ನ ಮುಖ ನೋಡಿದರು.

"ಹಿರಿಯ ಅಧಿಕಾರಿಯೊಬ್ಬರು ಬಾಗಿಲು ಹಾಕಿದರು, ಅಂತ ಬರ್ದಿದೀಯ. ಅವನಿಗೇನಮ್ಮ ಬಹುವಚನ? ಹೆಸರಿಲ್ವಾ ಅವನಿಗೆ?"

ಮಗಳ ಇಂಗ್ಲಿಷ್ ಪ್ರತಿಯಲ್ಲಿ ಅವನ ಹೆಸರು ನಾಲ್ಕು ಕಡೆ ಇತ್ತು. ಕನ್ನಡಕ್ಕೆ ತರುವಾಗ ನಾಲ್ಕು ಕಡೆಯೂ ನಾನೇ ತೆಗೆದಿದ್ದೆ. ತೆಗೆದದ್ದು ನನಗೇ ಗೊತ್ತಾಗಿರಲಿಲ್ಲ. ಕೈಗೆ ಅದೇ ಅಭ್ಯಾಸವಾಗಿಬಿಟ್ಟಿತ್ತು.

ಅಲ್ಲೇ ನೆಲದ ಮೇಲೆ ಕೂತು ಒಂದೊಂದೇ ಸಾಲು ತಿದ್ದಿದೆ. ಹಾಕಿದರು ಎಂದಿದ್ದನ್ನು ಹಾಕಿದ ಎಂದು ಮಾಡಿದೆ, ಹಿಡಿದರು ಎಂದಿದ್ದನ್ನು ಹಿಡಿದ ಎಂದು. ನಾಲ್ಕು ಕಡೆ ಹೆಸರು ಬರೆದೆ. ಆಂಟಿ ಪಕ್ಕದಲ್ಲೇ ನಿಂತು ಪ್ರತಿಯೊಂದು ಅಕ್ಷರವನ್ನೂ ನೋಡುತ್ತಿದ್ದರು. ಮುಗಿದ ಮೇಲೆ ಹಾಳೆಯನ್ನು ಮಡಿಚಿ ತಮ್ಮ ಬ್ಯಾಗಿನೊಳಗೆ ಇಟ್ಟುಕೊಂಡರು.

"ಅವಳಿಗೊಂದು ಫೋನ್ ಮಾಡು," ಎಂದರು. "ಟಿಕೆಟ್ ಎರಡು ತಗೊಳ್ಳಕ್ಕೆ ಹೇಳು."