ಫಕೀರವ್ವ ಹಾಕಿದ ಚಿಲಕ

ಫಕೀರವ್ವನಿಗೆ ಮೆಲ್ಲಗೆ ಮಾತಾಡಲು ಬರುತ್ತಲೇ ಇರಲಿಲ್ಲ. "ಉಂಡಿಯೇನ?" ಅಂತ ಕೇಳಿದರೂ ಜಗಳ ತೆಗೆದ ಹಾಗಿರುತ್ತಿತ್ತು. ಸಂಜೆ ಗೋದಾಮಿನಿಂದ ಹೊರಬಿದ್ದಾಗ ಅವಳ ಹುಬ್ಬು, ರೆಪ್ಪೆ, ಮೂಗಿನ ನತ್ತು ಎಲ್ಲ ಬೆಳ್ಳಗೆ. ಆ ಬಿಳುಪಿನೊಳಗೆ ಎರಡು ಕೆಂಪು ಕಣ್ಣು.

ಸ್ವಾತಂತ್ರ್ಯ ಬಂದು ಕೆಲವು ವರ್ಷಗಳಾಗಿದ್ದವು. ಗಜೇಂದ್ರಗಡದ ಸಾಹುಕಾರನೊಬ್ಬನ ಗೋದಾಮಿನಲ್ಲಿ ನಾವು ಹೆಂಗಸರು ಬಳಪದ ಕಲ್ಲು ಕುಟ್ಟಿ, ಬೀಸಿ, ಬಟ್ಟೆಯಲ್ಲಿ ಸೋಸುತ್ತಿದ್ದೆವು. ಆ ನುಣುಪು ಪುಡಿ ಮುಂಬಯಿಯ ರಬ್ಬರ್ ಕಾರ್ಖಾನೆಗೆ ಹೋಗುತ್ತಿತ್ತು. ಅಲ್ಲಿ ಅದನ್ನು ರಬ್ಬರಿನೊಳಗೂ ಬೆರೆಸುತ್ತಾರಂತೆ, ಸೈಕಲ್ ಟ್ಯೂಬು ಒಂದಕ್ಕೊಂದು ಅಂಟದಿರಲೆಂದು ಮೇಲೂ ಉದುರಿಸುತ್ತಾರಂತೆ. ಗಾಳಿ ಬಂದರೆ ಮಾಲು ಹಾರುತ್ತದೆಂದು ಸಾಹುಕಾರ ಕಿಟಕಿಗಳಿಗೆ ಹಲಗೆ ಬಡಿಸಿದ್ದ.

ನನ್ನ ಪಕ್ಕದ ಬೀಸುಕಲ್ಲಿನ ಹುಸೇನಬಿಗೆ ಕೆಮ್ಮು ಹತ್ತಿತು, ಬಿಡಲಿಲ್ಲ. ರೋಣದ ದವಾಖಾನೆಯ ಡಾಕ್ಟರು, ಎದೆಯಲ್ಲಿ ಧೂಳು ಕೂತಿದೆ ಎಂದರು.

"ಕಿಡಕಿ ತಗಸ್ರಿ, ಸಾವ್ಕಾರ್ರ," ಎಂದಳು ಫಕೀರವ್ವ.

ಸಾಹುಕಾರ ನಕ್ಕ. "ಪ್ಯಾಟಿ ಹೆಣ್ಮಕ್ಳು ಮಾರಿಗಿ ಹಚ್ಚಗೊಳ್ಳೂ ಪುಡಿ ಇದು. ಇದರಿಂದ ಯಾರ ಸತ್ತಾರ?"

ಮರುದಿನವೇ, ಕೆಮ್ಮುವವಳು ಬೇಡವೆಂದು ಹುಸೇನಬಿಯನ್ನು ಬಿಡಿಸಿದ. ಮಳೆಗಾಲ ಮುಗಿಯುವುದರೊಳಗೆ ಅವಳು ತೀರಿಕೊಂಡಳು.

ಆ ಸುದ್ದಿ ಬಂದ ದಿನ ಸಾಹುಕಾರ ಮೂಗಿಗೆ ವಸ್ತ್ರ ಹಿಡಿದು ಮಾಲು ನೋಡಲು ಒಳಗೆ ಬಂದ. ಫಕೀರವ್ವ ಎದ್ದು ಬಾಗಿಲು ಮುಚ್ಚಿ, ಚಿಲಕ ಜಡಿದು, ಅದಕ್ಕೇ ಬೆನ್ನು ಕೊಟ್ಟು ನಿಂತಳು.

"ಬೀಸ್ರೇ!" ಎಂದು ನಮಗೆ ಕೂಗಿದಳು.

ಬೀಸಿದೆವು. ಎಂದೂ ಬೀಸದಷ್ಟು ಜೋರಾಗಿ ಬೀಸಿದೆವು. ಎದುರಿನವರ ಮುಖ ಕಾಣದಷ್ಟು ಪುಡಿ ಎದ್ದಿತು.

"ಹುಚ್ಚಿ, ಬಾಗ್ಲಾ ತಗಿ!"

"ಮೂಗಿನ ವಸ್ತ್ರ ತಗೀರಿ ಮೊದ್ಲ. ಮಾರಿಗಿ ಹಚ್ಚೂ ಪುಡಿ ಅಲ್ಲೇನ್ರಿ? ಹುಸೇನಬಿ ಉಂಡಾಳ, ನೀವೂ ಒಂದೀಟ ಉಣ್ರಿ."

ಅವನು ಕೆಮ್ಮುತ್ತ ನೆಲಕ್ಕೆ ಕುಸಿದ ಮೇಲೆಯೇ ಚಿಲಕ ತೆಗೆದಳು. ಆ ವಾರ ಕಿಟಕಿಯ ಹಲಗೆ ಕಿತ್ತರು. ಫಕೀರವ್ವನನ್ನೂ ಹೊರಗೆ ಹಾಕಿದರು. ಆದರೆ ಅಷ್ಟು ವರ್ಷ ಅವಳು ನುಂಗಿದ್ದ ಧೂಳನ್ನು ಯಾರು ಹೊರಗೆ ಹಾಕಬೇಕು?

ಜೀವಂತವಾಗಿ ಅವಳನ್ನು ನಾನು ಕಡೆಯ ಸಲ ನೋಡಿದ್ದು ಸೂಡಿಯಲ್ಲಿ, ಅವಳ ತಮ್ಮನ ಮನೆಯ ಕಟ್ಟೆಯ ಮೇಲೆ. ಹೊಲಗಳ ಕಡೆಯಿಂದ ಗಾಳಿ ಭರೋ ಎಂದು ನುಗ್ಗುತ್ತಿತ್ತು.

"ಇಷ್ಟ ಗಾಳಿ ಐತಿ ನೋಡವಾ," ಎಂದಳು, ಮಾತು ಮಾತಿಗೂ ನಿಂತು. "ಒಳಗ ಮಾತ್ರ ಹೋಗವಲ್ದು."

ಅವಳು ತೀರಿಕೊಂಡಾಗ ಮಣ್ಣಿಗೆ ಸಾಹುಕಾರನೂ ಬಂದ. "ಏನ್ ಮಾಡೂದು, ದಮ್ಮಿನ ರೋಗ," ಎನ್ನುತ್ತ ಹಾರ ಹಾಕಲು ಬಗ್ಗಿದ. ನಾನು ಹಾರ ಕಸಿದುಕೊಂಡು ಬೀದಿಗೆ ಎಸೆದೆ. ಅಲ್ಲಿಯವರೆಗೆ 'ರಿ' ಹಚ್ಚದೆ ಅವನ ಜೊತೆ ಮಾತಾಡಿದವಳಲ್ಲ ನಾನು.

"ನಡಿ ಹೊರಗ," ಎಂದೆ.