ಹೊಳೆಯ ಏರಿನಲ್ಲಿ ಕಾರು ಪರೀಕ್ಷೆ

೧೯೬೧ರ ಶ್ರಾವಣ. ಹರಿಹರದ ಒಂದು ಹೈಸ್ಕೂಲಿನಲ್ಲಿ ನಾನು ವಿಜ್ಞಾನದ ಮೇಷ್ಟ್ರಾಗಿ ಸೇರಿ ಆಗ ಎರಡು ವರ್ಷವಾಗಿತ್ತು. ನಮ್ಮ ಮನೆತನದಲ್ಲಿ ಬಿ.ಎಸ್‌ಸಿ. ಮಾಡಿದವನು ನಾನೊಬ್ಬನೇ. ಚಿಕ್ಕಂದಿನಲ್ಲೇ ತಂದೆ ತೀರಿಕೊಂಡಿದ್ದರಿಂದ ದೊಡ್ಡಪ್ಪನ ಮನೆಯಲ್ಲಿ ಬೆಳೆದೆ, ಓದಿಸಿದವರೂ ಅವರೇ. ಆ ತಿಂಗಳ ಒಂದು ಭಾನುವಾರ ನಡೆದದ್ದನ್ನು ಬರೆಯುತ್ತಿದ್ದೇನೆ. ಏಳು ವರ್ಷವಾಯಿತು. ಅವತ್ತು ಕಾರಿನೊಳಗೆ ಕೂತಿದ್ದ ಮೂವರಲ್ಲಿ ಬ್ರೇಕಿನ ಸಂಗತಿ ಗೊತ್ತಿದ್ದವರು ಇಬ್ಬರು. ಒಬ್ಬ ಡ್ರೈವರು, ಇನ್ನೊಬ್ಬ ನಾನು.

ದೊಡ್ಡಪ್ಪನಿಗೆ ದಾವಣಗೆರೆಯಲ್ಲಿ ರೈತರ ಹತ್ತಿಯನ್ನು ಕಮಿಷನ್ನಿಗೆ ಮಾರಿಸಿಕೊಡುವ ಅಡತಿ ಅಂಗಡಿ ಇತ್ತು, ಮನೆ ಮಾತ್ರ ಹರಿಹರದಲ್ಲಿ. ಇಪ್ಪತ್ತೈದು ವರ್ಷ ದಿನಾ ಬೆಳಿಗ್ಗೆ ರೈಲಿಗೆ ಹೋಗಿ ಸಂಜೆಯ ರೈಲಿಗೆ ಬರುತ್ತಿದ್ದರು. ಹತ್ತಿಯ ಧೂಳು ಕುಡಿದೂ ಕುಡಿದೂ ಉಬ್ಬಸ ಹತ್ತಿಕೊಂಡಿತ್ತು. ಆ ಮಳೆಗಾಲದಲ್ಲಂತೂ ಸ್ಟೇಷನ್ನಿನ ತನಕ ನಡೆದರೆ ಬೆಂಚಿನ ಮೇಲೆ ಕೂತು ಬಹಳ ಹೊತ್ತು ಏದುಸಿರು ಬಿಡುತ್ತಿದ್ದರು. ಎರಡು ಸಲ ರೈಲು ಅವರ ಕಣ್ಣೆದುರೇ ಹೊರಟುಹೋಯಿತು. ಇನ್ನು ರೈಲಿನ ಓಡಾಟ ಕೂಡದು ಎಂದು ಡಾಕ್ಟರು ಹೇಳಿದ ಮೇಲೆ ಮನೆಯಲ್ಲಿ ಕಾರಿನ ಮಾತು ಶುರುವಾಯಿತು. ಕಾರಿಲ್ಲದಿದ್ದರೆ ಅಂಗಡಿಯ ಬಾಗಿಲು ಹಾಕಬೇಕು, ಅಷ್ಟೇ.

ಹೊಸ ಕಾರು ಕೊಳ್ಳುವುದಾದರೆ ಹೆಸರು ಬರೆಸಿ ವರ್ಷಗಟ್ಟಲೆ ಕಾಯಬೇಕಾದ ಕಾಲ. ಹಾಗಾಗಿ ದಾರಿ ಎರಡೇ ಇದ್ದವು. ದಾವಣಗೆರೆಯ ಒಬ್ಬರು ತಮಗೆ ಆಗಷ್ಟೇ ಬಂದ ಹೊಸ ಕಾರನ್ನು ಡ್ರೈವರ್ ಸಮೇತ ತಿಂಗಳ ಬಾಡಿಗೆಗೆ ಕೊಡಲು ಒಪ್ಪಿದ್ದರು. ಇನ್ನೊಂದು ಕಡೆ, ಯಾವುದೋ ಇನಾಮದಾರರ ಮನೆಯ ಹಳೆಯ ವಿಲಾಯಿತಿ ಕಾರು ಮಾರಾಟಕ್ಕಿದೆ ಎಂದು ದಲ್ಲಾಳಿ ಮುರಿಗೆಪ್ಪ ಸುದ್ದಿ ತಂದಿದ್ದ.

ನಾನು ಬಾಡಿಗೆಯ ಕಾರೇ ವಾಸಿ ಎಂದೆ. ಹಳೆಯ ಯಂತ್ರದ ಒಳಗೆ ಏನು ಸವೆದಿದೆಯೋ ಕೊಂಡವನಿಗೆ ತಿಳಿಯುವುದಿಲ್ಲ, ಬಾಡಿಗೆಯದು ಕೆಟ್ಟರೆ ಅದನ್ನು ನೋಡಿಕೊಳ್ಳುವುದು ಮಾಲೀಕರ ಪಾಡು ಎಂದು ವಾದಿಸಿದೆ. ಆದರೆ ನಮ್ಮ ಹಿರಿಯರು ಹತ್ತಿರದ ಸಾರಥಿ ಎಂಬ ಹಳ್ಳಿಯಲ್ಲಿ ಬೇಸಾಯ ಮಾಡಿದವರು. ಅಂಗಡಿ ಇಟ್ಟು ಎಷ್ಟು ವರ್ಷವಾದರೂ ದೊಡ್ಡಪ್ಪ ಏನನ್ನು ತೂಗಿ ನೋಡಿದರೂ ಎತ್ತು, ಬಂಡಿಯ ಲೆಕ್ಕದಲ್ಲೇ.

"ಬಾಡಿಗಿ ಎತ್ತು ಹೂಡಿದೋನ ಹೊಲ ಹದಕ್ಕೆ ಬಿತ್ತಿದ್ದು ಎಲ್ಲಾದ್ರೂ ನೋಡೀಯೇನು?" ಎಂದರು. ಅಷ್ಟಕ್ಕೇ ಬಿಡಲಿಲ್ಲ. ಪಡಸಾಲೆಯಲ್ಲಿ ಕೂತಿದ್ದ ನಂಟರ ಕಡೆ ತಿರುಗಿ, "ನಮ್ಮ ಮೇಷ್ಟ್ರಿಗೆ ಈ ವರ್ಷ ಮದ್ವಿ ಮಾಡಬೇಕು ಅಂತಿದ್ದೆ. ಇವನನ್ನ ಕೇಳಿದ್ರೆ ಹೆಂಡ್ತಿನೂ ತಿಂಗಳ ಬಾಡಿಗಿಗೇ ಸಾಕು ಅಂತಾನೋ ಏನೋ" ಎಂದರು.

ಎಲ್ಲರೂ ನಕ್ಕರು. ಒಳಗೆ ರೊಟ್ಟಿ ಬಡಿಯುತ್ತಿದ್ದ ದೊಡ್ಡಮ್ಮನೂ ನಕ್ಕದ್ದು ಕೇಳಿಸಿತು. ನಾನೂ ನಕ್ಕಂತೆ ಮಾಡಿದೆ. ಅವರು ಬೇಕೆಂದು ನೋಯಿಸಿದ್ದಲ್ಲ, ಅದು ಅವರ ಮಾತಿನ ರೀತಿ. ಆದರೂ ಆ ನಗು ನನ್ನೊಳಗೆ ಮುಳ್ಳಿನಂತೆ ಉಳಿಯಿತು. ಮುಂದೆ ನಡೆದದ್ದಕ್ಕೆ ಅದೂ ಒಂದು ಕಾರಣವಾದ್ದರಿಂದ ಮುಚ್ಚಿಡದೆ ಬರೆಯುತ್ತಿದ್ದೇನೆ.

ಭಾನುವಾರ ಬೆಳಿಗ್ಗೆ ಇನಾಮದಾರರ ಆ ಹಳೆಯ ಕಾರನ್ನು ಹರಿಹರಕ್ಕೆ ತರಲು ನಾನೇ ದಾವಣಗೆರೆಗೆ ಹೋದೆ. ಕಪ್ಪು ಬಣ್ಣದ ದೊಡ್ಡ ಕಾರು. ಉಜ್ಜಿ ಉಜ್ಜಿ ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಡ್ರೈವರ್ ಇಮಾಮ್ ಸಾಬ್‌ಗೆ ನಲವತ್ತರ ಮೇಲಾಗಿತ್ತು. ಮೃದು ಮಾತಿನ ಮನುಷ್ಯ. ಎಷ್ಟೋ ವರ್ಷದಿಂದ ಆ ಇನಾಮದಾರರ ಹತ್ತಿರವೇ ಇದ್ದವನು. ಮುರಿಗೆಪ್ಪ ಮಂಡಕ್ಕಿ ಮೆಣಸಿನಕಾಯಿ ಕಟ್ಟಿಸಿಕೊಂಡು ಹಿಂದಿನ ಸೀಟಿನಲ್ಲಿ ಒರಗಿದ. ನಾನು ಮುಂದೆ, ಇಮಾಮ್ ಸಾಬ್‌ನ ಪಕ್ಕ ಕೂತೆ.

ದಾರಿಯಲ್ಲಿ ರೈಲ್ವೆ ಗೇಟು ಹಾಕಿತ್ತು. ಗೇಟು ಇನ್ನೂ ಬಹಳ ದೂರವಿರುವಾಗಲೇ ಇಮಾಮ್ ಸಾಬ್ ಬ್ರೇಕು ತುಳಿಯತೊಡಗಿದ. ಒಂದು ಸಲ, ಎರಡು ಸಲ, ಮೂರು ಸಲ. ಪೆಡಲು ಕಾಲಡಿಯ ಹಲಗೆಯ ತನಕ ಹೋಗಿ ಕೂರುತ್ತಿತ್ತು. ನಾಲ್ಕನೆಯ ಸಲಕ್ಕೆ ಗಾಡಿ ಅರೆಮನಸ್ಸಿನಿಂದ ನಿಧಾನವಾಯಿತು. ಗೇರನ್ನೂ ಇಳಿಸಿ ಹೇಗೋ ನಿಲ್ಲಿಸಿದ. ದ್ರವದ ಒತ್ತಡದ ಪಾಠವನ್ನು ಹಿಂದಿನ ವಾರವಷ್ಟೇ ಹುಡುಗರಿಗೆ ಬೋರ್ಡಿನ ಮೇಲೆ ಚಿತ್ರ ಬರೆದು ಹೇಳಿದ್ದೆ. ಪೆಡಲು ಹಾಗೆ ಕುಸಿದರೆ ಬ್ರೇಕಿನ ಎಣ್ಣೆ ಎಲ್ಲೋ ಸೋರುತ್ತಿದೆ ಎಂದು ನನಗೆ ತಕ್ಷಣ ಹೊಳೆಯಿತು. ಅವನ ಪಾದವನ್ನೇ ನೋಡುತ್ತಿದ್ದ ನಾನು ತಲೆಯೆತ್ತಿದೆ. ಅವನು ನನ್ನನ್ನೇ ನೋಡುತ್ತಿದ್ದ. ಹಿಂದೆ ಮುರಿಗೆಪ್ಪ ಬಾಯಲ್ಲಿ ಮಂಡಕ್ಕಿ ತುಂಬಿಕೊಂಡು ಇನಾಮದಾರರ ಮನೆಯ ವೈಭವ ಹೇಳುತ್ತಿದ್ದ. ರೈಲು ಹೋಯಿತು, ಗೇಟು ತೆಗೆದರು, ನಾವು ಹೊರಟೆವು.

ಹರಿಹರ ಮುಟ್ಟುವ ತನಕ ಯೋಚಿಸಿದೆ. ಹೇಳಿದರೆ ಏನಾಗುತ್ತದೆ? ಬಾಡಿಗೆ ಕಾರಿನ ಹಟ ಇನ್ನೂ ಬಿಟ್ಟಿಲ್ಲ, ಅದಕ್ಕೇ ಹುಳುಕು ಹುಡುಕುತ್ತಾನೆ ಎಂದು ಮತ್ತೆ ನಗುತ್ತಾರೆ. ಹೇಗಿದ್ದರೂ ದೊಡ್ಡಪ್ಪ ಪರೀಕ್ಷೆ ಮಾಡದೆ ಕೊಳ್ಳುವವರಲ್ಲ. ಪರೀಕ್ಷೆಯಲ್ಲೇ ದೋಷ ಬಯಲಾಗಲಿ, ಆಗ ಎಲ್ಲರೂ ಮೇಷ್ಟ್ರು ಹೇಳಿದ್ದೇ ಸರಿ ಎನ್ನುತ್ತಾರೆ. ಹೌದು, ನಾನು ಹೀಗೇ ಯೋಚಿಸಿದ್ದು.

ದೊಡ್ಡಪ್ಪ ಕಾರಿನ ಸುತ್ತ ಎರಡು ಸಲ ತಿರುಗಿದರು. ಬಾನೆಟ್ ತೆಗೆಸಿ ಇಣುಕಿದರು. ಗೋದಾಮಿನ ಹಮಾಲ ದುರುಗಪ್ಪ, "ಹಲ್ಲು ನೋಡಿ ವಯಸ್ಸು ಹೇಳ್ರಿ ಸಾವ್ಕಾರ್ರೆ" ಎಂದು ನಗಿಸಿದ. ಆಮೇಲೆ ದೊಡ್ಡಪ್ಪನೂ ಮುರಿಗೆಪ್ಪನೂ ಟವೆಲಿನ ಕೆಳಗೆ ಕೈ ಹಿಡಿದು, ಎತ್ತಿನ ಪೇಟೆಯಲ್ಲಿ ಮಾಡುವಂತೆ, ಬೆರಳು ಒತ್ತಿ ಬೆಲೆ ಮಾತಾಡಿದರು. ಕೈ ಬಿಡುವಾಗ ದೊಡ್ಡಪ್ಪ ಒಂದು ಷರತ್ತು ಹಾಕಿದರು. ಹೊಳೆಯ ಏರು ಹತ್ತಿಸಿ ತೋರಿಸಬೇಕು.

ನಮ್ಮ ಕಡೆ ಎತ್ತು ಕೊಳ್ಳುವಾಗ ಬಂಡಿಗೆ ಹೇರು ಹಾಕಿ ಏರಿನಲ್ಲಿ ಎಳೆಸುತ್ತಾರೆ. ಬರೀ ಎಳೆದರೆ ಸಾಲದು. ಏರಿನ ನಡುವೆ ನಿಲ್ಲಿಸಿ, ಅಲ್ಲಿಂದ ಮತ್ತೆ ಎಬ್ಬಿಸಬೇಕು. ನಿಂತ ಭಾರವನ್ನು ಏರಿನಲ್ಲಿ ಎಬ್ಬಿಸುವ ಜೋಡಿಯೇ ಗಟ್ಟಿ ಜೋಡಿ. ದೊಡ್ಡಪ್ಪ ಹತ್ತಾರು ಜೋಡಿಗಳನ್ನು ಹೀಗೆ ನೋಡಿ ಕೊಂಡವರು, ಒಂದು ಸಲವೂ ಮೋಸ ಹೋದವರಲ್ಲ. ಕಾರಿಗೂ ಅದೇ ಪರೀಕ್ಷೆ. ಹಿಂದಿನ ಸೀಟಿಗೆ ಹತ್ತಿಕಾಳಿನ ಚೀಲ ತುಂಬಿಸಿದರು. ಜಾಗವಿಲ್ಲದೆ ಮುರಿಗೆಪ್ಪ ದುರುಗಪ್ಪನ ಜೊತೆ ಹೊಳೆಗೆ ನಡೆದೇ ಬಂದ. ಮುಂದಿನ ಉದ್ದ ಸೀಟಿನಲ್ಲಿ ಇಮಾಮ್ ಸಾಬ್, ನಡುವೆ ನಾನು, ಆ ತುದಿಗೆ ದೊಡ್ಡಪ್ಪ.

ಹೊಳೆಗೆ ಇಳಿಯುವಾಗ ಇಮಾಮ್ ಸಾಬ್ ಮೊದಲ ಗೇರಿನಲ್ಲೇ ಇರುವೆಯಂತೆ ಇಳಿಸಿದ. ಮಳೆಗಾಲದ ತುಂಗಭದ್ರೆ ಕೆಂಪಾಗಿ ಅಗಲವಾಗಿ ಹರಿಯುತ್ತಿತ್ತು. ದಂಡೆಯ ಮೆಟ್ಟಿಲುಗಳ ಮೇಲೆ ಏಳೆಂಟು ಹೆಂಗಸರು ಬಟ್ಟೆ ಒಗೆಯುತ್ತಿದ್ದರು. ಒಬ್ಬಳು ಕಂಕುಳ ಕೂಸನ್ನು ಪಕ್ಕದಲ್ಲಿ ಕೂರಿಸಿಕೊಂಡಿದ್ದಳು. ಕೆಳಗೆ ಕಾರು ತಿರುಗಿಸಿ ಏರಿನ ಕಡೆ ಮುಖ ಮಾಡಿದಾಗ ಬಲಕ್ಕೆ ಕಲ್ಲಿನ ಗೋಡೆ, ಎಡಕ್ಕೆ ಹಿಂದುಗಡೆ ಆ ಮೆಟ್ಟಿಲುಗಳು.

"ನಡುವೆ ನಿಲ್ಲಿಸಿ ಮತ್ತೆ ಎಬ್ಬಿಸಬೇಕು" ಎಂದರು ದೊಡ್ಡಪ್ಪ.

"ಒಂದೇ ಉಸಿರಿಗೆ ಮ್ಯಾಲಕ್ಕೆ ಒಯ್ತೀನ್ರಿ ಸಾವ್ಕಾರ್ರೆ. ನಡುವೆ ನಿಲ್ಸೋದು ಬ್ಯಾಡ್ರಿ" ಎಂದ ಇಮಾಮ್ ಸಾಬ್.

ಕಿಟಕಿಯ ಹತ್ತಿರವೇ ನಿಂತಿದ್ದ ಮುರಿಗೆಪ್ಪ, ಅವರು ಹೇಳಿದಷ್ಟು ಮಾಡು ಎಂದು ಗದರಿದ. ಅಷ್ಟರಲ್ಲಿ ದುರುಗಪ್ಪ ಎರಡು ಕೈಯಲ್ಲಿ ಒಂದು ದಪ್ಪ ಕಲ್ಲು ಹಿಡಿದು ಬಂದ. ಬಂಡಿ ಏರು ಹತ್ತುವಾಗ ಹಿಂದೆ ಒಬ್ಬ ಹೀಗೆ ನಡೆಯುತ್ತಾನೆ, ನಿಂತ ಕೂಡಲೇ ಗಾಲಿಗೆ ಕಲ್ಲು ಕೊಡುತ್ತಾನೆ. ದೊಡ್ಡಪ್ಪ ಅದನ್ನು ನೋಡಿ ನಕ್ಕರು.

"ಕಲ್ಲು ಯಾಕಲೇ? ಮೋಟಾರಿಗೆ ಬ್ರೇಕ್ ಇರ್ತೈತೆ. ಅತ್ಲಾಗೆ ಹೋಗಿ ನಿಂದ್ರು."

ದುರುಗಪ್ಪ ನಾಚಿಕೊಂಡು ಕಲ್ಲನ್ನು ಪಕ್ಕಕ್ಕೆ ಎಸೆದ. ಇಮಾಮ್ ಸಾಬ್ ನನ್ನ ಕಡೆ ತಿರುಗಿದ. ಆ ನೋಟ ಈಗಲೂ ನನ್ನನ್ನು ಬಿಟ್ಟಿಲ್ಲ. ನನ್ನ ಭುಜಕ್ಕೆ ದೊಡ್ಡಪ್ಪನ ಭುಜ ತಾಗಿತ್ತು, ಪಿಸುಗುಟ್ಟಿದ್ದರೂ ಕೇಳಿಸುತ್ತಿತ್ತು. ನಾನು ಮುಂದಿನ ಗಾಜಿನ ಕಡೆ ನೋಡುತ್ತ ಕೂತೆ.

ಕಾರು ಚೆನ್ನಾಗಿಯೇ ಹತ್ತಿತು. ಎಂಜಿನ್ನಿನ ಗುಡುಗು ಕೇಳಿ ಮೇಲೆ ನಿಂತಿದ್ದ ಜನ ಕೇಕೆ ಹಾಕಿದರು. ಮುಕ್ಕಾಲು ಏರಿಗೆ ಬಂದಾಗ ದೊಡ್ಡಪ್ಪ "ನಿಲ್ಸು" ಎಂದರು. ಇಮಾಮ್ ಸಾಬ್ ಕೇಳಿಸದವನಂತೆ ಇನ್ನೊಂದು ಮಾರು ಮುಂದೆ ಹೋದ. "ನಿಲ್ಸಪ್ಪಾ" ಎಂದರು ಮತ್ತೆ. ಅವನು ನಿಲ್ಲಿಸಿದ.

ಒಂದು ಗಳಿಗೆ ನಿಂತಿತು. ಎಂಜಿನ್ ಕೆಮ್ಮಿ ಆರಿತು. ಪೆಡಲು ಹಲಗೆಗೆ ಹೋಗಿ ಬಡಿದ ಸದ್ದು ನನಗೆ ಕೇಳಿಸಿತು, ಒಂದರ ಹಿಂದೆ ಒಂದು. ಕೈಬ್ರೇಕು ಎಳೆದ, ಅದು ಸಡಿಲ ಹಗ್ಗದಂತೆ ಬಂತು. ಕಾರು ಹಿಂದಕ್ಕೆ ಹೊರಟಿತು. ಮೊದಮೊದಲು ಎಷ್ಟು ನಿಧಾನವೆಂದರೆ ದೊಡ್ಡಪ್ಪ ಇನ್ನೂ ಪರೀಕ್ಷೆಯೇ ನಡೆದಿದೆ ಎಂದುಕೊಂಡಿದ್ದರು. ಆಮೇಲೆ ವೇಗ ಬಂತು. ಹಿಂದಿನ ಗಾಜನ್ನು ಚೀಲಗಳು ಮುಚ್ಚಿದ್ದವು. ಹೆಂಗಸರ ಕೂಗು ಮಾತ್ರ ಹತ್ತಿರವಾಗುತ್ತ ಬಂತು. ಇಮಾಮ್ ಸಾಬ್ ತನ್ನ ಬಾಗಿಲು ತೆರೆದು ಅರ್ಧ ಮೈ ಹೊರಗೆ ಹಾಕಿ, ಹಿಂದೆ ನೋಡುತ್ತ ಎಡಗೈಯಲ್ಲಿ ಸ್ಟೇರಿಂಗ್ ತಿರುಗಿಸಿದ. ಮೆಟ್ಟಿಲುಗಳಿಂದ ದೂರಕ್ಕೆ, ಗೋಡೆಯ ಕಡೆಗೆ. ಅಂದರೆ ತನ್ನದೇ ಮಗ್ಗುಲಿಗೆ. ಅವನಿಗೆ ಅದು ತಿಳಿಯದೆ ಇರಲಿಲ್ಲ.

ಕಬ್ಬಿಣ ಕಲ್ಲಿಗೆ ಉಜ್ಜಿದ ಸದ್ದು ಬಹಳ ಹೊತ್ತು ಕೇಳಿಸಿದಂತಾಯಿತು. ಕಾರು ನಿಂತಾಗ ಮೆಟ್ಟಿಲುಗಳಿಗೆ ಎರಡೇ ಮಾರು ಉಳಿದಿತ್ತು. ದೊಡ್ಡಪ್ಪನಿಗೆ ಹಣೆ ತರಚಿತ್ತು. ನನಗೆ ಒಂದು ಗೀರೂ ಇರಲಿಲ್ಲ. ಇಮಾಮ್ ಸಾಬ್‌ನ ಬಲಗೈ ಬಾಗಿಲಿಗೂ ಗೋಡೆಗೂ ನಡುವೆ ಇತ್ತು. ಅವನು ಕೂಗಲಿಲ್ಲ. "ಕೂಸು ಐತೇನ್ರಿ, ಕೂಸು ಐತೇನ್ರಿ" ಎಂದು ಎರಡು ಸಲ ಕೇಳಿದ. ಐತೆ ಎಂದೆ. ಆಮೇಲೆ ಅವನಿಗೆ ಎಚ್ಚರ ತಪ್ಪಿತು.

ದಾವಣಗೆರೆಯ ಆಸ್ಪತ್ರೆಗೆ ಹತ್ತಿಯ ಲಾರಿಯೊಂದರಲ್ಲಿ ಒಯ್ದೆವು. ಮೊಣಕೈಯ ಮೇಲಿನಿಂದಲೇ ಕೈ ಕತ್ತರಿಸಿ ತೆಗೆದರು.

ಮನೆಯಲ್ಲಿ ಎಲ್ಲರ ಬಾಯಲ್ಲೂ ಗಂಡಾಂತರ ತಪ್ಪಿತು ಎಂಬ ಮಾತೇ. ದೊಡ್ಡಮ್ಮ ಉಕ್ಕಡಗಾತ್ರಿಗೆ ಹೋಗಿ ಕರಿಬಸವೇಶ್ವರನಿಗೆ ಕಾಯಿ ಒಡೆಸಿಕೊಂಡು ಬಂದರು. ಪ್ರಸಾದ ನನ್ನ ಕೈಗೂ ಬಂತು, ಬಾಯಿಗೆ ಹಾಕದೆ ಗೂಡಿನಲ್ಲಿಟ್ಟೆ. ದೊಡ್ಡಪ್ಪ ಆಸ್ಪತ್ರೆಯ ಖರ್ಚೆಲ್ಲ ತಾವೇ ವಹಿಸಿಕೊಂಡರು. ಎರಡನೆಯ ದಿನ ನನ್ನನ್ನು ಹತ್ತಿರ ಕರೆದು, ನಾಲ್ಕು ಜನರ ಮುಂದೆಯೇ, "ನೀನು ಹೇಳಿದ್ದೇ ಖರೆ ಆತು ತಮ್ಮಾ. ನಿನ್ನ ಮಾತು ಕೇಳಬೇಕಿತ್ತು. ಆ ಹೊಸ ಕಾರನ್ನೇ ಬಾಡಿಗಿಗೆ ಮಾತಾಡಿ ಬಾ" ಎಂದರು. ಗೇಟು ದಾಟಿದ ಮೇಲೆ ನಾನು ಬಯಸಿದ್ದು ಇದನ್ನೇ. ಆಗ ಎದ್ದು ಹಿತ್ತಲಿಗೆ ಹೋದವನು ಬಹಳ ಹೊತ್ತು ಒಳಗೆ ಬರಲಿಲ್ಲ.

ಮೂರನೆಯ ದಿನ ಆಸ್ಪತ್ರೆಗೆ ಹೋದೆ. ಇಮಾಮ್ ಸಾಬ್‌ನ ಹೆಂಡತಿ ಮಂಚದ ಕಾಲಿನ ಹತ್ತಿರ ನೆಲದ ಮೇಲೆ ಕೂತಿದ್ದರು. ನನ್ನನ್ನು ನೋಡಿ ಸೆರಗು ಸರಿಮಾಡಿಕೊಂಡು ಹೊರಗೆ ಹೋದರು. ಏನೇನೋ ಹೇಳಬೇಕೆಂದು ಹೋದವನಿಗೆ ಒಂದೇ ಮಾತು ಬಂತು.

"ಗೇಟಿನ ಹತ್ರ ನಾನು ನೋಡಿದ್ದೆ, ಇಮಾಮ್ ಸಾಬ್."

"ಗೊತ್ತೈತ್ರಿ ಮೇಷ್ಟ್ರೆ" ಎಂದ. ಅವನೇ ಮುಂದುವರಿಸಿದ. "ನಾನು ಮಾಲೀಕರ ಕಡೆ ಆಳು. ಗಿರಾಕಿ ಮುಂದೆ ಗಾಡಿ ಕೆಟ್ಟೈತೆ ಅಂತ ನನ್ನ ಬಾಯಿಂದ ಬಂದ್ರೆ ಮರುದಿನ ಕೆಲಸ ಇಲ್ಲ. ಓದಿದೋರು ನೀವು, ಎಲ್ಲಾ ನೋಡೀರಿ, ನೀವೇ ಕೇಳ್ತೀರಿ ಅಂತ ಇದ್ದೆ. ನೀವೊಂದು ಮಾತು ಕೇಳಿದ್ರೆ ನಾನು ಹೌದು ಅಂತಿದ್ದೆ."

ಆ ದನಿಯಲ್ಲಿ ಸಿಟ್ಟಿರಲಿಲ್ಲ. ಬೈದಿದ್ದರೆ ತಾಳಿಕೊಳ್ಳಬಹುದಿತ್ತು. ಹೊರಡುವಾಗ ಅವನೇ, ಬಿಸಿಲಾಗಿದೆ, ಬಸ್ಸಿಗೆ ಹೋಗ್ರಿ ಎಂದ.

ಇಮಾಮ್ ಸಾಬ್ ಮತ್ತೆ ಸ್ಟೇರಿಂಗ್ ಹಿಡಿಯಲಿಲ್ಲ. ಹತ್ತಿಯಿಂದ ಕಾಳು ಬಿಡಿಸುವ ಒಂದು ಜಿನ್ನಿನ ಬಾಗಿಲಲ್ಲಿ ಕಾವಲು ಕೆಲಸ ಕೊಡಿಸಲು ನಾನು ದೊಡ್ಡಪ್ಪನ ಬೆನ್ನು ಬಿದ್ದೆ. ಅವರು ಕೊಡಿಸಿದರು. ಆದರೆ ಆ ಮನುಷ್ಯನ ಮೇಲೆ ನಿನಗ್ಯಾಕೆ ಇಷ್ಟು ಕಾಳಜಿ ಎಂದು ಅವರು ಕೇಳಿದಾಗ, ಪಾಪದವನು ಎಂದಷ್ಟೇ ಹೇಳಿದೆ. ಆಗಲೂ ನಿಜ ಹೇಳಲಾಗಲಿಲ್ಲ. ಹೋದ ವರ್ಷ ದೊಡ್ಡಪ್ಪ ತೀರಿಕೊಂಡರು. ಹಳೆಯ ಕಾರು ಕೊಳ್ಳಹೊರಟದ್ದು ತಮ್ಮ ತಪ್ಪು, ಒಬ್ಬನ ಕೈ ಹೋಗಲು ತಾವೇ ಕಾರಣ ಎಂದು ಕೊನೆಯ ತನಕ ಕೊರಗುತ್ತಲೇ ಹೋದರು. ನನ್ನ ಪಾಲನ್ನೂ ಅವರೇ ಹೊತ್ತುಕೊಂಡು ಹೋದರು.

ಕೆಲವೊಮ್ಮೆ ಪಾಠದ ನಡುವೆ, ಕೆಲವೊಮ್ಮೆ ಊಟದ ಎಲೆಯ ಮುಂದೆ, ಆ ಏರಿನ ಕೆಳಗೆ ಕಾರು ನನ್ನ ಕಣ್ಣ ಮುಂದೆ ಇನ್ನೂ ನಿಂತೇ ಇರುತ್ತದೆ, ಹೊರಟಿರುವುದಿಲ್ಲ. ದೊಡ್ಡಪ್ಪನ ಭುಜ ನನ್ನ ಭುಜಕ್ಕೆ ತಾಗಿರುತ್ತದೆ. "ಬ್ರೇಕ್ ಹಿಡಿಯಂಗಿಲ್ಲ ದೊಡ್ಡಪ್ಪ, ನಿಲ್ಸೋದು ಬ್ಯಾಡ್ರಿ" ಎನ್ನುತ್ತೇನೆ. ಒಂದು ಉಸಿರಿನಷ್ಟು ಮಾತು. ಎಷ್ಟು ಸುಲಭವಾಗಿ ಬಾಯಿಗೆ ಬರುತ್ತದೆ ಈಗ.