ಸಿಲೋನ್ ತಪ್ಪಿಸಿದ ಓರಗಿತ್ತಿ

ಅಕ್ಕನ ಬಲಗೈಯ ಹೆಬ್ಬೆರಳು, ತೋರುಬೆರಳುಗಳ ತುದಿ ಸದಾ ಕಪ್ಪಗಿರುತ್ತಿತ್ತು. ನೂಲು ಮಾರುವವರು ಯಾರೇ ಬರಲಿ, ಅಕ್ಕ ನೂಲಿನ ಲಡಿಯಿಂದ ಒಂದು ಎಳೆ ಕಿತ್ತು ದೀಪದ ಕುಡಿಗೆ ಹಿಡಿದು ಮೂಸುತ್ತಿದ್ದರು. ಕೂದಲು ಸುಟ್ಟ ವಾಸನೆ ಬಂದರೆ ಅಸಲಿ ರೇಷ್ಮೆ. ಅಷ್ಟಕ್ಕೇ ಬಿಡುವವರಲ್ಲ. “ಒಂದೆಳೆ ಒಳ್ಳೇದಿದ್ರೆ ಲಡಿಯೆಲ್ಲಾ ಒಳ್ಳೇದು ಅಂತ ಯಾವ ಶಾಸ್ತ್ರ ಹೇಳ್ತು?” ಎಂದು ನಡುವಿನಿಂದ ಇನ್ನೊಂದು ಎಳೆ ಕೀಳುತ್ತಿದ್ದರು. ನೂಲಿನವನು ಮುಖ ಗಂಟು ಹಾಕಿಕೊಂಡು ಕೂತಿರುತ್ತಿದ್ದ.

ಅವರು ನನ್ನ ಓರಗಿತ್ತಿ, ನಮ್ಮ ಯಜಮಾನರ ಅಣ್ಣನ ಹೆಂಡತಿ. ನನಗಿಂತ ಹತ್ತು ವರ್ಷ ದೊಡ್ಡವರು. ದೊಡ್ಡಬಳ್ಳಾಪುರದ ಆ ಮನೆಗೆ ನಾನು ಸೊಸೆಯಾಗಿ ಬಂದಾಗ ಮುಂದಿನ ಅಂಕಣದಲ್ಲಿ ನಾಲ್ಕು ವಿದ್ಯುತ್ ಮಗ್ಗಗಳು ಒಂದೇ ಸಮ ಬಡಿಯುತ್ತಿದ್ದವು. ಒಳಗೆ ಮಾತಾಡಬೇಕಾದರೂ ಕೂಗಬೇಕಿತ್ತು. ಆ ಗದ್ದಲದಲ್ಲೇ ಅಕ್ಕ ನನ್ನನ್ನು ಕೇಳಿದ ಮೊದಲ ಪ್ರಶ್ನೆ: “ನಿಮ್ಮಪ್ಪ ಯಾಕೆ ಇಷ್ಟು ಬೇಗ ಒಪ್ಕೊಂಡ್ರು? ನಿಂಗೇನೂ ಕಾಯಿಲೆ ಇಲ್ಲ ತಾನೆ?”

ನನಗೆ ಮೈಯೆಲ್ಲ ಉರಿದುಹೋಯಿತು. ಆಮೇಲೆ ತಿಳಿಯಿತು, ಇವರು ದೇವರನ್ನೂ ಬಿಟ್ಟವರಲ್ಲ ಎಂದು. ಹಾಲಿನವನ ಎದುರಿಗೇ ಹಾಲನ್ನು ಉಗುರಿನ ಮೇಲೆ ಬಿಟ್ಟು ನೋಡುವರು. ಬೆಲ್ಲದ ಅಚ್ಚನ್ನು ಒಡೆದು ಒಳಗಿನ ಬಣ್ಣ ನೋಡುವರು. ಗುಡಿಯಲ್ಲಿ ಪೂಜಾರಪ್ಪ ತೀರ್ಥ ಕೊಟ್ಟರೆ, “ಇವತ್ತಿಂದಾ, ನಿನ್ನೇದಾ?” ಎಂದು ಕೇಳಿಯೇ ಕೈ ಒಡ್ಡುವರು. “ನಗ್ತಾ ಕೊಟ್ಟಿದ್ದನ್ನ ಎರಡು ಸಲ ನೋಡ್ಬೇಕು ಕಣೇ. ಬೈದು ಕೊಟ್ಟಿದ್ದನ್ನ ಒಂದು ಸಲ ನೋಡಿದ್ರೆ ಸಾಕು” ಎಂಬುದು ಅವರ ಸಿದ್ಧಾಂತ.

ಎಪ್ಪತ್ತರ ದಶಕದ ಮೊದಲ ವರ್ಷಗಳವು. ಒಂದು ದಿನ ಊಟಕ್ಕೆ ಕೂತಾಗ ಭಾವ, ಸಿಲೋನ್ ನೋಡಿಕೊಂಡು ಬರುವ ಮಾತೆತ್ತಿದರು. ರಾಮೇಶ್ವರದವರೆಗೆ ರೈಲು, ಅಲ್ಲಿಂದ ಹಡಗು. ಹೊರಡುವವರು ಅವರು ಮತ್ತು ಅಕ್ಕ ಇಬ್ಬರೇ. ಸೀರೆ ವ್ಯಾಪಾರಕ್ಕೆಂದು ಮದರಾಸು, ಮಧುರೆ ತಿರುಗುತ್ತಿದ್ದ ಭಾವನಿಗೆ ಅದೇನೂ ದೊಡ್ಡದಲ್ಲ. ನಮ್ಮ ಬೀದಿಯಲ್ಲಿ ಮಾತ್ರ ಸಮುದ್ರ ದಾಟಿದವರು ಒಬ್ಬರೂ ಇರಲಿಲ್ಲ. ನನ್ನ ತವರು ಹೊಸಕೋಟೆ ಕಡೆಯ ಹಳ್ಳಿ. ಹೊಸಕೋಟೆ ಕೆರೆ ತುಂಬಿದಾಗ ಸಮುದ್ರವೆಂದರೆ ಇದೇ ಎಂದುಕೊಂಡು ಬೆಳೆದವಳು ನಾನು. ಅಕ್ಕನ ಮೇಲೆ ಹೊಟ್ಟೆಕಿಚ್ಚಾಯಿತು.

ಆದರೆ ಆ ವರ್ಷ ನೂಲಿನ ಬೆಲೆ ಏರಿತು. ಸೀಮೆಎಣ್ಣೆಗೆ ಕ್ಯೂ ನಿಲ್ಲುವ ಕಾಲ ಬಂತು. ಬಸ್ ಚಾರ್ಜು, ರೈಲು ಚಾರ್ಜು ಎಲ್ಲವೂ ಏರಿದವು. “ಈ ದುಬಾರಿ ಕಾಲದಲ್ಲಿ ಬೇಡ, ಮುಂದೆ ನೋಡೋಣ” ಎಂದು ಭಾವ ಕೈಬಿಟ್ಟರು. ನನಗೋ ಒಳಗೊಳಗೇ ಸಮಾಧಾನ.

ಬೆಲೆಗಳು ಇಳಿಯಲಿಲ್ಲ, ಇನ್ನಷ್ಟು ಏರಿದವು. ಅಂಥದ್ದರಲ್ಲಿ ದೀಪಾವಳಿ ಕಳೆದ ಮೇಲೆ ಭಾವ ಇದ್ದಕ್ಕಿದ್ದಂತೆ, “ಸಿಲೋನ್‌ಗೆ ಎಲ್ರೂ ಹೋಗೋಣ. ಅಮ್ಮಾನೂ ಬರ್ಲಿ, ಇವಳೂ ಬರ್ಲಿ” ಎಂದು ನಮ್ಮತ್ತೆಯತ್ತ, ನನ್ನತ್ತ ಕೈ ತೋರಿಸಿದರು. ನಮ್ಮ ಯಜಮಾನರು ಮಾತ್ರ ಮಗ್ಗ ನೋಡಿಕೊಂಡು ಮನೆಯಲ್ಲಿರುವುದು. ನನಗೆ ಸ್ವರ್ಗ ಮೂರೇ ಗೇಣು ಉಳಿಯಿತು.

ಅಂದು ಹಿತ್ತಿಲಲ್ಲಿ ಪಾತ್ರೆ ತಿಕ್ಕುವಾಗ ಅಕ್ಕ ಮೆಲ್ಲಗೆ ಶುರು ಮಾಡಿದರು. “ಅಲ್ವೇ, ರೇಟು ಏರಿದ್ರೆ ಹೋಗೋ ಜನ ಇಳೀಬೇಕು. ಹೋದ್ಸಲ ಇಬ್ಬರಿಗೇ ದುಡ್ಡಿಲ್ಲ ಅಂದೋರು ಈಗ ನಾಲ್ಕು ಜನ ಅಂತಾರೆ. ಯಾಕೆ?”

“ಭಾವನ ಮನಸ್ಸು ದೊಡ್ಡದು ಅಕ್ಕ.”

“ಇಲ್ಲೇ ಇರೋ ಘಾಟಿ ದೇವಸ್ಥಾನಕ್ಕೆ ಅಮ್ಮನ್ನ ಕರ್ಕೊಂಡು ಹೋಗ್ರೀ ಅಂದ್ರೆ, ಕಾಲು ನೋವು, ಬಸ್ಸು ಹತ್ತಕ್ಕಾಗಲ್ಲ ಅಂತಾರೆ. ಅದೇ ಕಾಲು ಹಡಗು ಹತ್ತುತ್ತಾ?”

ನಾನು ಹೊರಟಿದ್ದು ಇವರಿಗೆ ಸಹಿಸುತ್ತಿಲ್ಲ ಎಂದುಕೊಂಡೆ.

ಹೊರಡಲು ಇನ್ನು ಕೆಲವೇ ದಿನಗಳಿದ್ದವು. ಭಾವ ಮೂವರು ಹೆಂಗಸರಿಗೂ ಅರ್ಧರ್ಧ ಡಜನ್ ರೇಷ್ಮೆ ಸೀರೆ ತಂದಿಟ್ಟರು. ನಮ್ಮದೇ ಮಗ್ಗದ, ಒಳ್ಳೆ ಜರಿಯಂಚಿನ ಸೀರೆಗಳು. ರೇಷ್ಮೆ ನೇಯುವವರ ಮನೆಯ ಹೆಂಗಸರು ಉಡುತ್ತಿದ್ದದ್ದು ಹತ್ತಿ ಸೀರೆ. ವರ್ಷಕ್ಕೊಂದು ರೇಷ್ಮೆ ಕಂಡರೆ ಹೆಚ್ಚು. ನಾನು ಒಂದೊಂದನ್ನೇ ಮಡಿಲಲ್ಲಿ ಹರಡಿಕೊಂಡು ಸವರುತ್ತಿದ್ದೆ. ಭಾವ ಹೊರಗೆ ಹೋಗುತ್ತಾ ತಿರುಗಿ ನಿಂತು ನಗುತ್ತಾ ಹೇಳಿದರು: “ಬ್ಲೌಸ್ ಪೀಸ್ ಈಗ್ಲೇ ಕತ್ತರಿಸ್ಬೇಡಿ. ಸೆರಗಿಗೆ ಕುಚ್ಚೂ ಕಟ್ಟಬೇಡಿ. ಎಲ್ಲಾ ಬಂದ್ಮೇಲೆ ಮಾಡ್ಕೊಂಡ್ರಾಯ್ತು.”

ಅಕ್ಕ ತಲೆಯೆತ್ತಿ ಬಾಗಿಲ ಕಡೆ ನೋಡಿದರು. ರವಿಕೆಯಿಲ್ಲದೆ, ಕುಚ್ಚಿಲ್ಲದೆ ಸೀರೆ ಉಡುವುದು ಹೇಗೆ? ಅವರ ಮನಸ್ಸಿನಲ್ಲಿ ಓಡುತ್ತಿದ್ದ ಈ ಪ್ರಶ್ನೆ ನನ್ನ ತಲೆಗೆ ಹೊಳೆಯಲೇ ಇಲ್ಲ.

ಮಾರನೆಯ ದಿನ ಮಧ್ಯಾಹ್ನ ಭಾವ ಊಟಕ್ಕೆ ಬಂದಾಗ ದೇವರ ಮುಂದೆ ಮೂವರ ಸೀರೆಗಳೂ ಸಾಲಾಗಿ ಹರಡಿದ್ದವು. ಪ್ರತಿಯೊಂದರ ಮೂಲೆಯಲ್ಲೂ ತೇವದ ಅರಿಶಿನ, ಅದರ ಮೇಲೆ ಕುಂಕುಮದ ಬೊಟ್ಟು. ಕತ್ತರಿಸಿದ ಬ್ಲೌಸ್ ಪೀಸುಗಳೆಲ್ಲ ಒಂದು ಕಡೆ ಗುಡ್ಡೆ ಬಿದ್ದಿದ್ದವು. ಹೊಸ ಬಟ್ಟೆಗೆ ಅರಿಶಿನ ಮುಟ್ಟಿಸದೆ ನಮ್ಮಲ್ಲಿ ಯಾರೂ ಉಡುವುದಿಲ್ಲ. ಮುಟ್ಟಿಸಿದ ಮೇಲೆ ಅದು ಉಡುವವರದ್ದಾಯಿತು, ಅಂಗಡಿಗೆ ಹೋಗುವ ಮಾಲಲ್ಲ.

“ಏನೇ ಇದು!” ಭಾವನ ದನಿ ಮಗ್ಗದ ಸದ್ದನ್ನೂ ಮೀರಿತು.

“ಹೊಸ ಸೀರೆ ಅಲ್ವೇನ್ರೀ? ಸಮುದ್ರ ದಾಟೋರು, ಅರಿಶಿನ ಇಡ್ದೆ ಉಡೋಕಾಗುತ್ತಾ?”

“ಕತ್ತರಿಸ್ಬೇಡ ಅಂದಿರ್ಲಿಲ್ವಾ?”

“ಅಂದ್ರಿ. ಯಾಕೆ ಅಂತ ಹೇಳ್ಲಿಲ್ಲ. ಈಗ ಹೇಳಿ, ಅಮ್ಮಾನೂ ಇಲ್ಲೇ ಅವ್ರೆ, ಕೇಳಿಸ್ಕೊಳ್ಳಲಿ.”

ನಮ್ಮತ್ತೆ ಗೋಡೆಗೊರಗಿ ಕೂತು, “ಒಳ್ಳೇ ಕೆಲ್ಸಾನೇ ಮಾಡವ್ಳೆ ಬಿಡಪ್ಪ” ಎಂದರು. ಭಾವ ತಾಯಿಯ ಮುಖ ನೋಡಿದರು, ಸೀರೆಗಳನ್ನು ನೋಡಿದರು, ಊಟ ಮಾಡದೆ ಹೊರಟುಹೋದರು. ಮರುದಿನವೇ ಸುದ್ದಿ ಬಂತು: ಹಡಗಿನ ರೇಟು ಮತ್ತೆ ಏರಿದೆಯಂತೆ, ಸಿಲೋನ್ ಬೇಡ.

ವಿಷಯವನ್ನು ಬಿಡಿಸಿ ಹೇಳಿದವರು ನಮ್ಮ ಯಜಮಾನರು. ಆಗ ಸಿಲೋನಿನಲ್ಲಿ ನಮ್ಮ ಕಡೆಯ ಸೀರೆಗಳಿಗೆ ಬರವಂತೆ, ಸಿಕ್ಕಿದರೆ ದುಪ್ಪಟ್ಟು ಬೆಲೆಯಂತೆ. ಉಡುವ ಬಟ್ಟೆ ಎಂದು ಹೆಂಗಸರ ಪೆಟ್ಟಿಗೆಯಲ್ಲಿ ದಾಟಿಸಿ ಅಲ್ಲಿ ಮಾರಿದರೆ ಏರಿದ ಖರ್ಚೆಲ್ಲ ಹುಟ್ಟಿ ಇನ್ನೂ ಮಿಗುತ್ತಿತ್ತಂತೆ. ಹೆಂಗಸರು ಹೆಚ್ಚಿದಷ್ಟೂ ಪೆಟ್ಟಿಗೆ ಹೆಚ್ಚು. “ನಿಮಗೆ ಯಾವಾಗ ಗೊತ್ತಾಯ್ತು?” ಎಂದೆ. ಅವರು ಮಗ್ಗದ ಲಾಳಿ ಸರಿಮಾಡುವುದಿದೆ ಎಂದು ಎದ್ದು ಹೋದರು. ಆ ಅನುಮಾನ ನನಗಿನ್ನೂ ಬಗೆಹರಿದಿಲ್ಲ.

ಅಷ್ಟು ತಿಳಿದ ಮೇಲೂ ನನ್ನ ಸಿಟ್ಟು ಅಕ್ಕನ ಮೇಲೆಯೇ. ಎಲ್ಲರೂ ಮಾಡುವುದೇ ತಾನೆ, ಇವರದೇನು ಹೆಚ್ಚುಗಾರಿಕೆ? ನಾನು ಸಮುದ್ರ ನೋಡಬಾರದೆಂದೇ ಮಾಡಿದರು. ಇಲ್ಲವೇ ಆ ಅರ್ಧ ಡಜನ್ ಸೀರೆಯ ಆಸೆಗೆ. ನಾನು ಅವರ ಜೊತೆ ಮಾತು ಬಿಟ್ಟೆ. ಅಕ್ಕ ಬೇಸರಪಟ್ಟುಕೊಳ್ಳಲಿಲ್ಲ. ಮಾತಾಡದವರನ್ನು ಅವರು ಮೊದಲಿನಿಂದಲೂ ಹೆಚ್ಚು ನಂಬುತ್ತಿದ್ದರು.

ಎರಡು ವರ್ಷ ಕಳೆದ ಮೇಲೆ, ಅಕ್ಕಿಯಲ್ಲಿ ಕಲ್ಲು ಆರಿಸುವಾಗ ನಾನೇ ಬಾಯಿಬಿಟ್ಟು ಕೇಳಿದೆ. “ನಿಜ ಹೇಳಿ ಅಕ್ಕ. ಅವತ್ತು ಹೊಟ್ಟೆಕಿಚ್ಚಿಗೆ ತಾನೆ ಮಾಡಿದ್ದು?”

“ಹಂಗೇ ಅಂದ್ಕೋ” ಎಂದು ಮೊರ ಕೊಡವಿದರು. ಒಂದು ಕಲ್ಲು ಆರಿಸಿ ಎಸೆದು ಹೇಳಿದರು: “ಬಂದರಿನಲ್ಲಿ ಪೆಟ್ಟಿಗೆ ಬಿಚ್ಚಿಸಿದ್ರೆ ಹಿಡಿಯೋದು ಯಾರನ್ನ? ಪೆಟ್ಟಿಗೆ ಯಾರ ಕೈಲಿದೆಯೋ ಅವರನ್ನ. ಇವರು ಮುಂದೆ ಹೋಗಿ, ನಾವ್ಯಾರೋ ಅನ್ನೋ ಥರ ನಿಂತ್ಕೊಂಡಿರ್ತಿದ್ರು. ನಿಂಗೆ ತಮಿಳು ಬರಲ್ಲ, ಇಂಗ್ಲಿಷ್ ಬರಲ್ಲ. ಗಿಣಿಮರಿ ಥರ ಕಣ್ಣು ಬಿಟ್ಕೊಂಡು ನಿಂತಿರ್ತಿದ್ದೆ.”

“ಭಾವ ಹಂಗೆ ಮಾಡ್ತಿದ್ರಾ?”

“ನಾನು ಬಾಳಿರೋಳು ಕಣೇ ಅವರ ಜೊತೆ.” ಮತ್ತೆ ಮೊರಕ್ಕೆ ತಲೆ ಬಗ್ಗಿಸಿದರು. “ಸಮುದ್ರ ನಾನೂ ನೋಡಿಲ್ಲ. ನಂಗೇನು ಆಸೆ ಇರ್ಲಿಲ್ವಾ?”

ಅಷ್ಟು ದಿನ ನನಗೆ ಅದು ಹೊಳೆದೇ ಇರಲಿಲ್ಲ. ಆ ಮನೆಯಲ್ಲಿ ಯಾರಿಗೂ ಹೊಳೆದಿರಲಿಲ್ಲ.

ಆ ದಶಕ ಮುಗಿಯುವ ಮೊದಲೇ ಅಕ್ಕ ಕಾಮಾಲೆಯಾಗಿ ತೀರಿಕೊಂಡರು. ಆಸ್ಪತ್ರೆಯಲ್ಲಿ ಕೊನೆಯವರೆಗೂ ಡಾಕ್ಟರನ್ನು, “ಈ ಇಂಜೆಕ್ಷನ್ನು ಯಾತಕ್ಕೆ?” ಎಂದು ಕೇಳುತ್ತಲೇ ಇದ್ದರು. ಅವರ ಅಸ್ಥಿ ಬಿಡಲು ರಾಮೇಶ್ವರಕ್ಕೆ ಹೊರಟಾಗ ಭಾವ ನನ್ನ ಮುಂದೆ ಬಂದು ನಿಂತರು. “ನೀನೂ ಬಾಮ್ಮ, ಅವಳಿಗೆ ನೀನಂದ್ರೆ ಇಷ್ಟ. ಖರ್ಚಿನ ಯೋಚ್ನೆ ಮಾಡ್ಬೇಡ.”

ಯಜಮಾನರು ಪಕ್ಕದಲ್ಲೇ ಇದ್ದರು. ಆದರೂ ನಾನು ಕೇಳಿದೆ: “ಯಾರ ಪೆಟ್ಟಿಗೆ ಯಾರು ಹಿಡ್ಕೋಬೇಕು ಭಾವ?”

ಭಾವ ತಲೆ ತಗ್ಗಿಸಿದರು. “ನಿಂದು ನೀನು, ನಂದು ನಾನು” ಎಂದರು. ಆಮೇಲೆಯೇ ನಾನು ಬಟ್ಟೆ ಕಟ್ಟಿಕೊಂಡದ್ದು.

ರಾಮೇಶ್ವರದಲ್ಲಿ ಭಾವ ಮಡಕೆ ಹಿಡಿದು ಸೊಂಟದ ಮಟ್ಟ ನೀರಿಗಿಳಿದರು. ನಾನು ದಡದಲ್ಲಿ ನಿಂತೆ. ಸಮುದ್ರದ ನೀರು ಉಪ್ಪು ಎಂದು ಚಿಕ್ಕಂದಿನಿಂದ ಎಲ್ಲರೂ ಹೇಳಿದ್ದರು. ನಾನು ಬಗ್ಗಿ ಒಂದು ಹನಿ ನಾಲಿಗೆಗೆ ಹಚ್ಚಿಕೊಂಡು ನೋಡಿದೆ. ಉಪ್ಪೇ. ಅಲ್ಲೇ ಮರಳಿನ ಮೇಲೆ ಕೂತು, ನನ್ನ ತಾಯಿ ಸತ್ತಾಗಲೂ ಅತ್ತಿರದಷ್ಟು ಅತ್ತೆ.